ಬಿರುಗಾಳಿ ಬರುವುದು ಮೊದಲೇ ಗೊತ್ತಾಗುತ್ತದೆಯೇ?

ಏಪ್ರಿಲ್–ಮೇ ತಿಂಗಳಲ್ಲಿ ಶ್ರೀನಿವಾಸಪುರದ ತೋಟಗಳಲ್ಲಿ ಮಾವು ಬಲಿಯುತ್ತಿರುತ್ತದೆ. ಹಗಲೆಲ್ಲ ಬಿಸಿಲು, ಸಂಜೆ ಕಪ್ಪು ಮೋಡ, ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ. ಹತ್ತೇ ನಿಮಿಷದಲ್ಲಿ ವರ್ಷದ ಫಸಲು ನೆಲಕ್ಕೆ ಬೀಳಬಹುದು. 'ಸುಂಟರಗಾಳಿ, ಯಾರೂ ಮೊದಲೇ ಹೇಳಲಾಗದು' ಎನ್ನುವುದು ಸಾಮಾನ್ಯ ಮಾತು. ಇದು ಎಷ್ಟು ನಿಜ?

ಇದು ಸುಂಟರಗಾಳಿಯೇ?

ಹೆಚ್ಚಿನ ಸಲ ಅಲ್ಲ. ಗುಡುಗು ಮೋಡದಿಂದ ಬೀಳುವ ಹನಿಗಳಲ್ಲಿ ಕೆಲವು ದಾರಿಯಲ್ಲೇ ಆವಿಯಾಗಿ ಸುತ್ತಲಿನ ಗಾಳಿಯನ್ನು ತಂಪಾಗಿಸುತ್ತವೆ. ತಂಪಾದ ಗಾಳಿ ಭಾರವಾಗಿ ಕೆಳಕ್ಕೆ ನುಗ್ಗಿ, ಅಂಗಳಕ್ಕೆ ಸುರಿದ ಬಿಂದಿಗೆ ನೀರಿನಂತೆ ಎಲ್ಲ ಕಡೆ ಹರಡುತ್ತದೆ. ಸುಂಟರಗಾಳಿ ಸುತ್ತುತ್ತದೆ, ಇದು ನೇರವಾಗಿ ಬೀಸುತ್ತದೆ.

ಒಂದೇ ಗಾಳಿಮಾಪಕ ಸಾಲದೇ?

ಸಾಲದು. ಇಂಥ ಹೊಡೆತಗಳಲ್ಲಿ ಚಿಕ್ಕದಾದ 'ಮೈಕ್ರೋಬರ್ಸ್ಟ್' 4 ಕಿ.ಮೀ.ಗಿಂತ ಕಡಿಮೆ ಅಗಲವಿದ್ದು ಕೆಲವೇ ನಿಮಿಷ ಇರುತ್ತದೆ. 1975ರಲ್ಲಿ ನ್ಯೂಯಾರ್ಕ್‌ನಲ್ಲಿ ಇದಕ್ಕೆ ಸಿಕ್ಕಿ ಈಸ್ಟರ್ನ್ 66 ವಿಮಾನ ಪತನವಾಯಿತು. ಆಮೇಲೆ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಗಾಳಿಮಾಪಕಗಳ ಜಾಲ ಹಾಕಿದರು: ನಡುವೆ 1, ಸುತ್ತ 5. ಅವುಗಳ ನಡುವಿನ ಜಾಗದಲ್ಲೂ ಹೊಡೆತಗಳು ಕಣ್ತಪ್ಪಿದ್ದರಿಂದ ಮಾಪಕಗಳನ್ನು ಹೆಚ್ಚಿಸಬೇಕಾಯಿತು. ರೇಡಾರ್ ಮೋಡವನ್ನು ತೋರಿಸುತ್ತದೆ. ಆದರೆ ದೂರ ಹೋದಂತೆ ಅದರ ಕಿರಣ ನೆಲದಿಂದ ಮೇಲೇರುತ್ತದೆ. ಮರದ ಮಟ್ಟದ ಗಾಳಿ ಅದಕ್ಕೆ ಕಾಣದು.

ನಮ್ಮಲ್ಲಿ ಏನಿದೆ?

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕ, ಹೋಬಳಿಗಳಲ್ಲಿ ಹವಾಮಾನ ಕೇಂದ್ರ ಅಳವಡಿಸಿದೆ. ಮಾಹಿತಿ 15 ನಿಮಿಷಕ್ಕೊಮ್ಮೆ ತಾನಾಗಿಯೇ ಬರುತ್ತದೆ. ಮಳೆಮಾಪಕ ಗಾಳಿಯನ್ನು ಅಳೆಯದು. ಗಾಳಿಯ ವೇಗ, ದಿಕ್ಕು, ಉಷ್ಣಾಂಶ, ತೇವಾಂಶ ಸಿಗುವುದು ಹೋಬಳಿ ಕೇಂದ್ರದಿಂದ.

ಒಂದು ಲೆಕ್ಕ ನೋಡೋಣ. ಮುಳಬಾಗಿಲಿನಿಂದ ಕೋಲಾರಕ್ಕೆ ಸುಮಾರು 30 ಕಿ.ಮೀ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಪಶ್ಚಿಮಕ್ಕೆ ಸಾಗುವ ಬಿರುಗಾಳಿ ಅರ್ಧ ಗಂಟೆಯಲ್ಲಿ ಕೋಲಾರ ಮುಟ್ಟುತ್ತದೆ. ಮಾಲೂರಿಗೆ ಹೆಚ್ಚುಕಡಿಮೆ ಇನ್ನರ್ಧ ಗಂಟೆ. ಮುಳಬಾಗಿಲಿನಲ್ಲಿ ಉಷ್ಣಾಂಶ ಥಟ್ಟನೆ ಇಳಿದು, ಗಾಳಿ ದಿಕ್ಕು ಬದಲಿಸಿ, ವೇಗ ಏರಿತು ಎನ್ನಿ. ಮುಂದಿನ ಹೋಬಳಿಯಲ್ಲೂ ಅದೇ ಕಂಡರೆ ಬಿರುಗಾಳಿಯ ದಾರಿ ತಿಳಿಯುತ್ತದೆ, ಕೋಲಾರದವರನ್ನು ಎಚ್ಚರಿಸಬಹುದು. ಆದರೆ 15 ನಿಮಿಷದಲ್ಲಿ ಅದು 15 ಕಿ.ಮೀ. ದಾಟಿರುತ್ತದೆ. ಆದ್ದರಿಂದ ಮಾಪಕಗಳು ಹತ್ತಿರ ಹತ್ತಿರ ಇದ್ದರಷ್ಟೇ ಸಾಲದು, ನಿಮಿಷಕ್ಕೊಮ್ಮೆ ಮಾಹಿತಿ ಕಳಿಸಬೇಕು. ಹಾಗಿದ್ದರೂ ಗಾಳಿ ಮೊದಲು ಅಪ್ಪಳಿಸುವ ಊರಿಗೆ ಈ ಜಾಲದಿಂದ ಮುನ್ನೆಚ್ಚರಿಕೆ ಸಿಗದು.

ನಾವೇನು ಮಾಡಬೇಕು?

ಸೆಕೆಯ ನಡುವೆ ಒಮ್ಮೆಲೇ ತಣ್ಣನೆ ಗಾಳಿ ಬೀಸಿದರೆ, ದೂರದಲ್ಲಿ ಧೂಳೆದ್ದರೆ ಕಾಯಬೇಡಿ. ಮಾವಿನ ಮರದಡಿ, ತಗಡಿನ ಶೆಡ್, ಪಾಲಿಹೌಸ್‌ಗಳಿಂದ ಹೊರಬಂದು ಗಟ್ಟಿ ಕಟ್ಟಡ ಸೇರಿ. ಬಿದ್ದ ಕಾಯಿ ಆರಿಸಲು ಗುಡುಗು ನಿಂತ ಮೇಲೆ ಹೋಗಿ.

ಹಾಗಾಗಿ, 'ಯಾರೂ ಹೇಳಲಾಗದು' ಎಂಬುದು ಪೂರ್ತಿ ನಿಜವಲ್ಲ. ದಿನದ ಮೊದಲೇ ಇಂಥ ತೋಟಕ್ಕೇ ಬರುತ್ತದೆ ಎನ್ನಲಾಗದು. ಪಕ್ಕದ ಹೋಬಳಿಗೆ ಬಂದದ್ದನ್ನು ಬೇಗ ತಿಳಿಸಬಹುದು. ಫಸಲು ಉಳಿಯದಿದ್ದರೂ ಜೀವ ಉಳಿಸಲು ಆ ಇಪ್ಪತ್ತು ನಿಮಿಷ ಸಾಕು.