ಕೋಟೆ ಇದ್ದ ಜಾಗ

ಬೆಂಗಳೂರು ಕೋಟೆಯ ಮಾತು ಬಂದರೆ ಎಲ್ಲರೂ 1791ರ ಮಾರ್ಚ್ 21ರ ರಾತ್ರಿಯನ್ನೇ ನೆನೆಯುತ್ತಾರೆ. ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಪಡೆ ಗೋಡೆ ಒಡೆದು ನುಗ್ಗಿದ ಜಾಗದಲ್ಲಿ ಒಂದು ಕಲ್ಲುಫಲಕವೂ ಇದೆ. ಆದರೆ ಕೋಟೆ ಸೋತದ್ದು ಆ ರಾತ್ರಿ. ಕಣ್ಮರೆಯಾದದ್ದು ಆಮೇಲೆ, ಬಹುಪಾಲು ಶಾಂತಿಯ ಕಾಲದಲ್ಲಿ. ಆ ಕಥೆಗೆ ಫಲಕವಿಲ್ಲ.

ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ. ಪೇಟೆಯ ದಕ್ಷಿಣಕ್ಕಿದ್ದ ಕೋಟೆಯನ್ನು ಹೈದರಾಲಿ 1761ರಲ್ಲಿ ಕಲ್ಲಿನಲ್ಲಿ ಭದ್ರಪಡಿಸಿದ. ಉತ್ತರಕ್ಕೆ, ಪೇಟೆಯ ಕಡೆಗೆ, ದೆಹಲಿ ಬಾಗಿಲು. ದಕ್ಷಿಣಕ್ಕೆ ಮೈಸೂರು ಬಾಗಿಲು. ಒಳಗಿನ ಅರಮನೆಯನ್ನು ಅವನು ಶುರುಮಾಡಿದ, ಮಗ ಟಿಪ್ಪು 1791ರಲ್ಲಿ ಮುಗಿಸಿದ.

ಬ್ರಿಟಿಷ್ ಕಮಿಷನರ್‌ಗಳ ಆಡಳಿತ ಬಂದಾಗ ಈ ಅರಮನೆಯೇ ಕಚೇರಿಯಾಯಿತು. ತೇಗದ ಕಂಬಗಳ ನಡುವೆ ಗುಮಾಸ್ತರು ಕಡತ ಬಿಚ್ಚಿ ಕೂತರು. 1868ರಲ್ಲಿ ಕಚೇರಿಗಳು ಕಬ್ಬನ್ ಉದ್ಯಾನದ ಅಠಾರಾ ಕಚೇರಿಗೆ ಹೋದವು. ಅರಮನೆಯ ಹೆಚ್ಚಿನ ಭಾಗ ಅಳಿದು, ಈಗ ನೋಡಲು ಸಿಗುವುದು ಒಂದು ತುಂಡು ಮಾತ್ರ. ಅದನ್ನೇ ಪೂರ್ತಿ ಅರಮನೆ ಎಂದುಕೊಂಡು ಮರಳುವವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಆಮೇಲೆ ಕೋಟೆಯ ನೆಲಕ್ಕೆ ಬಂದದ್ದು ಆಸ್ಪತ್ರೆ. 1897ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಹಾಕಿದರು. 1900ರ ಡಿಸೆಂಬರ್‌ನಲ್ಲಿ ವೈಸರಾಯ್ ಕರ್ಜನ್ ಅದನ್ನು ಉದ್ಘಾಟಿಸಿದ. 1935ರಲ್ಲಿ ಹೆರಿಗೆಗೆಂದೇ ವಾಣಿ ವಿಲಾಸ ಆಸ್ಪತ್ರೆ ತೆರೆಯಿತು. ಅದಕ್ಕಾಗಿ ಸೈನಿಕರ ಹಳೆಯ ಕೋಟೆ ಚರ್ಚು ಜಾಗ ಬಿಟ್ಟುಕೊಟ್ಟಿತು. ಅದರ ಬದಲಿಗೆ ಚಾಮರಾಜಪೇಟೆಯಲ್ಲಿ ಸೇಂಟ್ ಲೂಕ್ಸ್ ಎದ್ದಿತು. 1791ರ ಕದನದಲ್ಲಿ ಸತ್ತ ಇಂಗ್ಲಿಷರ ಸಮಾಧಿಗಳಿದ್ದ ಕೋಟೆ ಸ್ಮಶಾನವೂ ಇಲ್ಲ. ಅವರ ನೆನಪಿಗೆ ನಿಲ್ಲಿಸಿದ್ದ ಸ್ಮಾರಕಸ್ತಂಭ ಕಾರ್ಪೊರೇಷನ್ ಬಳಿ ಇತ್ತು. 1964ರಲ್ಲಿ ಅದನ್ನೂ ಕೆಡವಿದರು. ಕೋಟೆಯ ಹೊರಗೆ, ಸಿದ್ಧಿಕಟ್ಟೆ ಕೆರೆ ಇದ್ದಲ್ಲಿ, 1921ರಿಂದ ಕೃಷ್ಣರಾಜೇಂದ್ರ ಮಾರುಕಟ್ಟೆ.

ಇದನ್ನೆಲ್ಲ ಅನ್ಯಾಯ ಎನ್ನಲಾರೆ. ಮದ್ದುಗುಂಡಿನ ನೆಲದಲ್ಲಿ ಬಡವರ ಮನೆಯ ಹೆಣ್ಣುಮಕ್ಕಳು ಬಾಣಂತನ ಮಾಡಿಸಿಕೊಂಡರೆ ಅದು ಕೋಟೆಗಿಂತ ದೊಡ್ಡ ಕೆಲಸ. ನನ್ನ ತಕರಾರು ಬೇರೆ: ಕೆಡವಿದವರು ಇಲ್ಲಿ ಏನಿತ್ತೆಂದು ಒಂದು ಗುರುತನ್ನೂ ಇಡಲಿಲ್ಲ. ಇವತ್ತು ಉಳಿದಿರುವುದು ದೆಹಲಿ ಬಾಗಿಲಿನ ಸುತ್ತಲ ಒಂದಿಷ್ಟು ಗೋಡೆ, ಅರಮನೆಯ ಆ ತುಂಡು, ಪಕ್ಕದ ವೆಂಕಟರಮಣ ದೇವಸ್ಥಾನ. 2012ರಲ್ಲಿ ಮೆಟ್ರೊಗೆಂದು ಅಗೆಯುವಾಗ ಇಲ್ಲೇ ಫಿರಂಗಿಗಳು ಸಿಕ್ಕವು.

ಗೋಡೆ ಹಾದುಹೋಗಿದ್ದ ಜಾಡನ್ನು ರಸ್ತೆಯ ಮೇಲೆ ಬಣ್ಣದ ಕಲ್ಲಿನಲ್ಲಿ ಎಳೆಯಬಹುದು. ಆಸ್ಪತ್ರೆಯ ಅಂಗಳದಲ್ಲಿ ಹಳೆಯ ನಕ್ಷೆಯೊಂದನ್ನು ನಿಲ್ಲಿಸಬಹುದು. ಒಳರೋಗಿಗಳ ಕಡೆಯವರು ದಿನಗಟ್ಟಲೆ ಅಲ್ಲಿ ಕಾಯುತ್ತಾರೆ. ಓದಲು ಅವರಿಗೆ ಹೊತ್ತಿದೆ.