ದಂಡು ಸಾಗಿಸಿದ ಪ್ರಯಾಣಿಕ ಹಡಗುಗಳು (ಆಸ್ಟ್ರೇಲಿಯಾ)

ಯುದ್ಧಕಾಲದಲ್ಲಿ ಸೈನಿಕರನ್ನು ಒಯ್ಯಲು ಸರ್ಕಾರ ವಶಕ್ಕೆ ಪಡೆದ ಪ್ರಯಾಣಿಕ ಹಡಗುಗಳು. 1914ರ ಅಕ್ಟೋಬರ್‌ನಲ್ಲಿ ಮೆಲ್ಬರ್ನ್‌ನಿಂದ 'ಓರ್ವಿಯೆಟೊ', ಸಿಡ್ನಿಯಿಂದ 'ಯುರಿಪಿಡೀಸ್' ಹೊರಟು ಆಲ್ಬನಿ ಬಂದರಿನಲ್ಲಿ ಮೊದಲ ಹಡಗುಪಡೆಯನ್ನು ಕೂಡಿಕೊಂಡವು. ಸೈನಿಕರು ಇಳಿದದ್ದು ಈಜಿಪ್ಟಿನಲ್ಲಿ.

ಎರಡನೆಯ ಮಹಾಯುದ್ಧದಲ್ಲಿ ಎದ್ದು ಕಾಣುವ ಹೆಸರು 'ಕ್ವೀನ್ ಮೇರಿ'. ಮೈತುಂಬ ಬೂದು ಬಣ್ಣ ಬಳಿದುಕೊಂಡ ಈ ಹಡಗು 1940ರ ಏಪ್ರಿಲ್‌ನಲ್ಲಿ ಸಿಡ್ನಿಗೆ ಬಂತು. ಸುಮಾರು 2,000 ಪ್ರಯಾಣಿಕರ ವೈಭವದ ಕೋಣೆಗಳಲ್ಲಿ 5,000 ಸೈನಿಕರಿಗೆ ಅಂತಸ್ತು ಮಂಚಗಳನ್ನು ಜೋಡಿಸಲಾಯಿತು. ಪಯಣ ಗುಟ್ಟೆಂದರೂ 310 ಮೀಟರ್ ಉದ್ದದ ಹಡಗನ್ನು ಊರ ನಡುವಿನ ಬಂದರಿನಲ್ಲಿ ಬಚ್ಚಿಡುವುದುಂಟೆ? ಮೇ ಮೊದಲ ವಾರ ಹೊರಟದ್ದು, ಪಶ್ಚಿಮ ಏಷ್ಯಾದ ದಾರಿ ಬಿಟ್ಟು ಆಫ್ರಿಕಾ ಸುತ್ತಿ ಜೂನ್‌ನಲ್ಲಿ ಸ್ಕಾಟ್ಲೆಂಡ್ ಮುಟ್ಟಿತು. ಜಲಾಂತರ್ಗಾಮಿಗಳನ್ನು ಹಿಂದಿಕ್ಕುವ ವೇಗವೇ ಅದರ ದೊಡ್ಡ ರಕ್ಷಣೆ. 1943ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ 9ನೇ ಡಿವಿಷನ್ ಸೂಯೆಜ್‌ನಿಂದ ಊರಿಗೆ ಮರಳಿದಾಗಲೂ ಈ ಹಡಗಿತ್ತು. ಜೊತೆಗೆ 'ಅಕ್ವಿಟೇನಿಯಾ', 'ಈಲ್ ದ ಫ್ರಾನ್ಸ್', 'ನ್ಯೂ ಆಮ್ಸ್ಟರ್‌ಡ್ಯಾಮ್' ಇದ್ದವು.