ಒಗಾಡೆನ್ 1977: ಯುದ್ಧ ಯಾರದು, ಲೆಕ್ಕಾಚಾರ ಯಾರದು?

1977–78ರಲ್ಲಿ ಒಗಾಡೆನ್ ಪ್ರದೇಶಕ್ಕಾಗಿ ಇಥಿಯೋಪಿಯಾ ಮತ್ತು ಸೊಮಾಲಿಯಾ ನಡುವೆ ನಡೆದ ಯುದ್ಧವನ್ನು ಅಮೆರಿಕ ಹಾಗೂ ಸೋವಿಯತ್ ಒಕ್ಕೂಟ ಪರರ ಕೈಯಲ್ಲಿ ಆಡಿಸಿದ ಯುದ್ಧವೆಂದು ವಿವರಿಸುವುದು ರೂಢಿ. ಘಟನೆಗಳನ್ನು ತಾರೀಖಿನ ಕ್ರಮದಲ್ಲಿಟ್ಟು ನೋಡಿದರೆ ಈ ವಿವರಣೆ ಅರ್ಧದಾರಿಯಲ್ಲೇ ನಿಂತುಬಿಡುತ್ತದೆ. ಯುದ್ಧದ ಗತಿಯನ್ನು ತಿರುಗಿಸಿದ್ದು ಮಹಾಶಕ್ತಿಗಳು, ನಿಜ. ಆದರೆ ಯುದ್ಧ ಬೇಕೆಂದವರು ಇದ್ದದ್ದು ಸೊಮಾಲಿಯಾದ ರಾಜಧಾನಿ ಮೊಗದಿಶುವಿನಲ್ಲಿ.

ಜಗಳ ಹಳೆಯದು. 19ನೇ ಶತಮಾನದ ಕೊನೆಗೆ ಚಕ್ರವರ್ತಿ ಮೆನೆಲಿಕ್ ಈ ಬಯಲನ್ನು ಇಥಿಯೋಪಿಯಾಕ್ಕೆ ಸೇರಿಸಿಕೊಂಡ; ಅಲ್ಲಿನ ನಿವಾಸಿಗಳು ಬಹುಪಾಲು ಸೊಮಾಲಿ ಪಶುಪಾಲಕರು. 1960ರಲ್ಲಿ ಸ್ವತಂತ್ರವಾದ ಸೊಮಾಲಿಯಾದ ಬಾವುಟದ ನಕ್ಷತ್ರಕ್ಕಿರುವ ಐದು ಮೊನೆಗಳು ಸೊಮಾಲಿಗಳ ಐದು ನಾಡುಗಳನ್ನು ಸೂಚಿಸುತ್ತವೆ. ಅದರಲ್ಲಿ ಒಗಾಡೆನ್ ಕೂಡ ಒಂದು. 1964ರಲ್ಲೇ ಎರಡು ದೇಶಗಳು ಗಡಿಯಲ್ಲಿ ಕಾದಾಡಿದ್ದವು. ಅದೇ ವರ್ಷ ಆಫ್ರಿಕನ್ ಏಕತಾ ಸಂಘಟನೆ ಕೈರೋದಲ್ಲಿ ಸೇರಿ, ಸ್ವಾತಂತ್ರ್ಯ ಬಂದಾಗ ಇದ್ದ ಗಡಿಗಳನ್ನೇ ಗೌರವಿಸಬೇಕೆಂದು ನಿರ್ಣಯಿಸಿತು. ಸೊಮಾಲಿಯಾ ಅದನ್ನು ಒಪ್ಪಲಿಲ್ಲ. ಈ ನಿರ್ಣಯದ ತೂಕ ಮುಂದೆ ತಿಳಿಯುತ್ತದೆ.

ಮಹಾಶಕ್ತಿಗಳಿಗೆ ಒಗಾಡೆನ್‌ನ ಒಣಭೂಮಿಯಲ್ಲಿ ಆಸಕ್ತಿಯಿರಲಿಲ್ಲ; ಅವುಗಳ ಕಣ್ಣಿದ್ದದ್ದು ಕೆಂಪು ಸಮುದ್ರ ಮತ್ತು ಹಿಂದೂ ಮಹಾಸಾಗರದ ಮೇಲೆ. 1953ರ ಒಪ್ಪಂದದಂತೆ ಅಮೆರಿಕ ಆಗಿನ ಇಥಿಯೋಪಿಯಾದ ಅಸ್ಮಾರಾದಲ್ಲಿ ಕಾಗ್ನ್ಯೂ ಎಂಬ ಸಂಪರ್ಕ ನೆಲೆಯನ್ನು ಹೊಂದಿತ್ತು, ಪ್ರತಿಯಾಗಿ ಇಥಿಯೋಪಿಯಾಕ್ಕೆ ಶಸ್ತ್ರ ಕೊಡುತ್ತಿತ್ತು. ಸೋವಿಯತ್ ಒಕ್ಕೂಟ ಸೊಮಾಲಿಯಾದ ಬರ್ಬೆರಾ ಬಂದರಿನಲ್ಲಿ ಸೌಲಭ್ಯಗಳನ್ನು ಕಟ್ಟಿಕೊಂಡಿತ್ತು. 1974ರಲ್ಲಿ ಮಾಸ್ಕೋ ಮತ್ತು ಮೊಗದಿಶು ಮೈತ್ರಿ ಒಪ್ಪಂದವನ್ನೂ ಮಾಡಿಕೊಂಡವು. 1975ರ ಜೂನ್‌ನಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ಶ್ಲೆಸಿಂಜರ್ ಬರ್ಬೆರಾದ ವೈಮಾನಿಕ ಚಿತ್ರಗಳನ್ನು ಸೆನೆಟ್ ಸಮಿತಿಯ ಮುಂದಿಟ್ಟರು. ಆಗ ಹಿಂದೂ ಮಹಾಸಾಗರದ ಡಿಯೆಗೊ ಗಾರ್ಸಿಯಾದಲ್ಲಿನ ಅಮೆರಿಕದ ನೆಲೆಯ ವಿಸ್ತರಣೆಗೆ ಹಣ ಮಂಜೂರಾಗಬೇಕಿತ್ತು ಎಂಬುದನ್ನೂ ಜೊತೆಗೇ ನೆನೆಯಬೇಕು. ಡಿಯೆಗೊ ಗಾರ್ಸಿಯಾ ಮತ್ತು ಉಪಗ್ರಹಗಳ ಬಲ ಬೆಳೆದಂತೆ ಕಾಗ್ನ್ಯೂವಿನ ಬೆಲೆ ಇಳಿಯಿತು.

ಅಮೆರಿಕದ ಅಧ್ಯಕ್ಷ ಕಾರ್ಟರ್ ಅವರ ಆಡಳಿತ 1977ರ ಫೆಬ್ರವರಿಯಲ್ಲಿ ಮಾನವ ಹಕ್ಕುಗಳ ಕಾರಣಕೊಟ್ಟು ನೆರವು ಕಡಿದದ್ದರಿಂದಲೇ ಇಥಿಯೋಪಿಯಾ ಮಾಸ್ಕೋದತ್ತ ವಾಲಿತು ಎಂಬ ಮಾತು ಪದೇಪದೇ ಕೇಳಿಬರುತ್ತದೆ. ಕಾಲಾನುಕ್ರಮ ಇದಕ್ಕೆ ಒಡಂಬಡುವುದಿಲ್ಲ. ಸೋವಿಯತ್ ಜೊತೆಗಿನ ಮೊದಲ ಗುಪ್ತ ಶಸ್ತ್ರ ಒಪ್ಪಂದ 1976ರ ಡಿಸೆಂಬರ್‌ನದು. ಚಕ್ರವರ್ತಿ ಹೈಲೆ ಸೆಲಾಸಿಯನ್ನು ಇಳಿಸಿದ ಸೇನಾಮಂಡಳಿಯೊಳಗೆ ಮೆಂಗಿಸ್ತು ತನ್ನ ಪ್ರತಿಸ್ಪರ್ಧಿಗಳನ್ನು ಮುಗಿಸಿದ್ದು 1977ರ ಫೆಬ್ರವರಿ 3ರಂದು, ಅಂದರೆ ನೆರವು ಕಡಿತಕ್ಕೂ ಮೊದಲು. ಏಪ್ರಿಲ್‌ನಲ್ಲಿ ಅವನು ಕಾಗ್ನ್ಯೂವನ್ನು ಮುಚ್ಚಿಸಿದ, ಮೇ ತಿಂಗಳಲ್ಲಿ ಮಾಸ್ಕೋಗೆ ಹೋದ.

ಮಾಸ್ಕೋದ ಇರಾದೆ ಇಥಿಯೋಪಿಯಾ, ಸೊಮಾಲಿಯಾ ಎರಡನ್ನೂ ಕೈಯಲ್ಲಿಟ್ಟುಕೊಳ್ಳುವುದಾಗಿತ್ತು. ಮಾರ್ಚ್‌ನಲ್ಲಿ ಕ್ಯೂಬಾದ ನಾಯಕ ಕ್ಯಾಸ್ಟ್ರೊ ಏಡನ್‌ನಲ್ಲಿ ಮೆಂಗಿಸ್ತು ಮತ್ತು ಸೊಮಾಲಿಯಾದ ಅಧ್ಯಕ್ಷ ಸಿಯಾದ್ ಬರ್ರೆಯನ್ನು ಎದುರುಬದುರು ಕೂರಿಸಿ, ದಕ್ಷಿಣ ಯೆಮನ್ ಸೇರಿದಂತೆ ಒಂದು ಒಕ್ಕೂಟ ರಚಿಸಲು ಸೂಚಿಸಿದ. ಬರ್ರೆ ಒಗಾಡೆನ್ ಬಿಟ್ಟು ಬೇರೆ ಮಾತಾಡಲಿಲ್ಲ. ಏಪ್ರಿಲ್‌ನಲ್ಲಿ ಕ್ಯಾಸ್ಟ್ರೊ ಪೂರ್ವ ಜರ್ಮನಿಯ ಹೊನೆಕರ್ ಎದುರು ಬರ್ರೆ ಮೊದಲಿಗೆ ಅಂಧ ರಾಷ್ಟ್ರವಾದಿ ಎಂದು ದೂರಿದ್ದು ಆ ಮಾತುಕತೆಯ ದಾಖಲೆಯಲ್ಲಿದೆ. ಪೋಷಕರ ಹಿಡಿತಕ್ಕೆ ಸಿಗದ ಆಶ್ರಿತನನ್ನು ಕೈಗೊಂಬೆಯೆಂದು ಕರೆಯುವುದು ಹೇಗೆ?

ಜುಲೈನಲ್ಲಿ ಸೊಮಾಲಿ ಸೇನೆ ಒಗಾಡೆನ್‌ಗೆ ನುಗ್ಗಿತು, ಸೆಪ್ಟೆಂಬರ್‌ನಲ್ಲಿ ಜಿಜಿಗಾ ಪಟ್ಟಣ ಅದರ ವಶವಾಯಿತು. ಆಗ ಆಕಾಶದಲ್ಲಿ ನಡೆದದ್ದು ವಿಚಿತ್ರ: ಮಾಸ್ಕೋವನ್ನು ನೆಚ್ಚಿದ್ದ ಇಥಿಯೋಪಿಯಾ ಅಮೆರಿಕದ ಎಫ್-5 ವಿಮಾನಗಳಿಂದ ಸೊಮಾಲಿಯಾದ ಸೋವಿಯತ್ ಮಿಗ್‌ಗಳನ್ನು ಹೊಡೆದುರುಳಿಸಿತು. ನವೆಂಬರ್ 13ರಂದು ಬರ್ರೆ ಮೈತ್ರಿ ಒಪ್ಪಂದವನ್ನು ರದ್ದುಮಾಡಿ ಸೋವಿಯತ್ ಸಲಹೆಗಾರರನ್ನು ಹೊರಹಾಕಿದ. ಬೆನ್ನಲ್ಲೇ ಇಥಿಯೋಪಿಯಾಕ್ಕೆ ಸೋವಿಯತ್ ಶಸ್ತ್ರಗಳ ವಿಮಾನಸಾಗಣೆ ಶುರುವಾಯಿತು, ಸುಮಾರು 15,000 ಕ್ಯೂಬನ್ ಸೈನಿಕರು ಬಂದಿಳಿದರು. ಸೋವಿಯತ್ ಜನರಲ್ ಪೆಟ್ರೊವ್ ಕಾರ್ಯಾಚರಣೆಯ ಸೂತ್ರ ಹಿಡಿದ. 1978ರ ಮಾರ್ಚ್ 5ರಂದು ಜಿಜಿಗಾ ಮರಳಿ ಇಥಿಯೋಪಿಯಾದ ಪಾಲಾಯಿತು. ನಾಲ್ಕು ದಿನಕ್ಕೆ ಬರ್ರೆ ಸೇನೆ ಹಿಂತೆಗೆಯುವುದಾಗಿ ಸಾರಿದ.

ಮಾಸ್ಕೋ ಬರ್ಬೆರಾವನ್ನು ಕಳೆದುಕೊಂಡೂ ಇಥಿಯೋಪಿಯಾವನ್ನು ಆರಿಸಿದ್ದೇಕೆ? ಜನಸಂಖ್ಯೆ ದೊಡ್ಡದು, ಕ್ರಾಂತಿ ಹೊಸದು, ಕೆಂಪು ಸಮುದ್ರದ ದಂಡೆ ಉದ್ದ ಎಂಬ ಕಾರಣಗಳನ್ನು ವಿದ್ವಾಂಸರು ಕೊಡುತ್ತಾರೆ, ಅವು ಸರಿಯೇ. ನನ್ನ ಮಟ್ಟಿಗೆ ಕೈರೋ ನಿರ್ಣಯ ಇವೆಲ್ಲಕ್ಕಿಂತ ಭಾರವಾದದ್ದು. ಗಡಿ ದಾಟಿ ಬಂದದ್ದು ಸೊಮಾಲಿಯಾ. ಹಾಗಾಗಿ ಆಕ್ರಮಣಕ್ಕೊಳಗಾದ ದೇಶದ ಕರೆಗೆ ಓಗೊಟ್ಟೆವೆಂದು ಸೋವಿಯತ್ ಮತ್ತು ಕ್ಯೂಬಾ ತಲೆಯೆತ್ತಿ ಹೇಳಬಹುದಿತ್ತು. ಆಫ್ರಿಕದ ಬಹುತೇಕ ರಾಜಧಾನಿಗಳು ಆಕ್ಷೇಪಿಸಲಿಲ್ಲ. ಅತ್ತ ಅಮೆರಿಕದ ಕೈ ಕಟ್ಟಿಹೋಗಿತ್ತು. ಜುಲೈನಲ್ಲಿ ಸೊಮಾಲಿಯಾಕ್ಕೆ ಶಸ್ತ್ರ ಕೊಡಲು ತಾತ್ವಿಕವಾಗಿ ಒಪ್ಪಿದ್ದ ಅದು, ದಾಳಿ ಬಯಲಾದ ಮೇಲೆ ಹಿಂದೆ ಸರಿಯಿತು. ವಿಮಾನವಾಹಕ ನೌಕಾಪಡೆ ಕಳಿಸೋಣವೆಂದು ಕಾರ್ಟರ್ ಅವರ ರಾಷ್ಟ್ರೀಯ ಭದ್ರತಾ ಸಲಹೆಗಾರ ಬ್ರೆಜಿನ್‌ಸ್ಕಿ ಪಟ್ಟುಹಿಡಿದರೂ ವಿದೇಶಾಂಗ ಕಾರ್ಯದರ್ಶಿ ವ್ಯಾನ್ಸ್ ವಿರೋಧಿಸಿದರು, ನೌಕೆಗಳು ಹೊರಡಲಿಲ್ಲ.

1980ರ ಆಗಸ್ಟ್‌ನಲ್ಲಿ ಅಮೆರಿಕ ಬರ್ಬೆರಾ ಬಳಸುವ ಹಕ್ಕನ್ನು ಪಡೆಯಿತು. ಅದಕ್ಕೆ ಕಾರಣ ಇರಾನ್ ಕ್ರಾಂತಿ ಮತ್ತು ಆಫ್ಘಾನಿಸ್ತಾನಕ್ಕೆ ನುಗ್ಗಿದ ಸೋವಿಯತ್ ಸೇನೆ. ನೆರವಿಗೆ ಒಪ್ಪಿಗೆ ಕೊಡುವ ಮುನ್ನ ಅಮೆರಿಕದ ಕಾಂಗ್ರೆಸ್ ಕೇಳಿದ್ದು, ಒಗಾಡೆನ್‌ನಲ್ಲಿ ಸೊಮಾಲಿಯಾದ ಪಡೆಗಳು ಉಳಿದಿಲ್ಲ ಎಂಬ ಖಾತರಿಯನ್ನು.